ಕೆಂಡಕ್ಕ ನಾನಲ್ಲ

ಮೇಷ್ಟ್ರು ಗೋಡೆಯ ಅಳತೆ ತೆಗೆಯಲು ಬಂದ ದಿನ ಇಸ್ತ್ರಿ ಅಂಗಡಿಯಲ್ಲಿ ಆಸ್ಪತ್ರೆಯ ಬಿಳಿ ಕೋಟುಗಳು ಗುಡ್ಡೆಯಾಗಿ ಬಿದ್ದಿದ್ದವು. ಅಂಗಡಿಯಾಕೆ ಒಂದು ಕೋಟಿನ ಕಾಲರನ್ನು ಮಗುಚಿ ಹಾಕಿ, ಬೆರಳನ್ನು ನೀರಿಗದ್ದಿ ಇಸ್ತ್ರಿಪೆಟ್ಟಿಗೆಯ ಅಡಿಗೆ ಮುಟ್ಟಿಸಿ, ಚುಂಯ್ ಎಂದದ್ದು ಕೇಳಿ ಇನ್ನೇನು ಒತ್ತಬೇಕು, ಹೊರಗೆ ಗೋಡೆಯ ಮೇಲೆ ಏನೋ ಪರಪರ ಎಳೆದ ಸದ್ದಾಯಿತು. ಪೆಟ್ಟಿಗೆಯನ್ನು ಕಾಲರಿನ ಮೇಲೇ ಬಿಟ್ಟು ಇಣುಕಿ ನೋಡಿದರೆ ನಿವೃತ್ತ ಕಾಲೇಜು ಮೇಷ್ಟ್ರು, ಎದುರು ಮನೆಯ ಸಾಹಿತಿಗಳ ಸ್ಮಾರಕ ಸಮಿತಿಯ ಕಾರ್ಯದರ್ಶಿ, ಬಾಗಿಲ ಪಕ್ಕದ ಗೋಡೆಗೆ ಟೇಪು ಹಿಡಿದು ನಿಂತಿದ್ದಾರೆ.

"ಏನ್ ಮೇಷ್ಟ್ರೇ ಇದು?"

"ಫಲಕ ಹಾಕ್ತೀವಮ್ಮ. ತಾಮ್ರದ್ದು. ಸಾಹಿತಿಗಳ ನೂರನೇ ವರ್ಷ ಅಲ್ವಾ? ಕಾದಂಬರಿಯ ಏಳೂ ಮನೆಗೆ ಒಂದೊಂದು ಹಾಕ್ಬೇಕು ಅಂತ ಸಮಿತಿ ತೀರ್ಮಾನ ಮಾಡಿದೆ. ನಿಮ್ಮದೇ ಮೊದಲು."

"ಏನಂತ ಬರೀತೀರಿ ಅದ್ರಲ್ಲಿ?"

ಮೇಷ್ಟ್ರು ಟೇಪನ್ನು ಸರ್ರನೆ ಒಳಕ್ಕೆ ಬಿಟ್ಟುಕೊಂಡು ಪ್ರೀತಿಯಿಂದಲೇ ನಕ್ಕರು. "ಇನ್ನೇನು? 'ಇಲ್ಲಿ ಕೆಂಡಕ್ಕ ವಾಸಿಸಿದ್ದಳು' ಅಂತ."

"ನಾನು ಕೆಂಡಕ್ಕ ಅಲ್ಲ. ಮತ್ತೆ, ಸತ್ತೂ ಇಲ್ಲ."

"ನೋಡಿ ನೋಡಿ, ಬಂತು!" ಎಂದು ಮೇಷ್ಟ್ರು ಕೈತಟ್ಟಿದರು. "ಇದೇ ಮಾತು, ಇದೇ ಧಾಟಿ. ಎಪ್ಪತ್ತಾದರೂ ಮೂಗಿನ ತುದಿ ಇನ್ನೂ ತಣ್ಣಗಾಗಿಲ್ಲ!"

ಒಳಗೆ ಕೋಟಿನ ಕಾಲರು ಸೀದ ವಾಸನೆ ಬಂತು.

ಇದು ಆಕೆಯ ಜೀವನದುದ್ದಕ್ಕೂ ನಡೆದುಬಂದ ಕಥೆ. ಅವಳು ಕೆಂಡಕ್ಕ ಹೌದು ಎಂದರೆ ಒಪ್ಪಿಕೊಂಡ ಹಾಗೆ. ಅಲ್ಲ ಎಂದರೆ ಸಿಟ್ಟು ಬಂದ ಹಾಗೆ. ಸುಮ್ಮನಿದ್ದರಂತೂ "ಒಳಗೇ ಕುದೀತಿದಾಳೆ, ಹುಷಾರು" ಎಂದು ಜನ ಒಬ್ಬರನ್ನೊಬ್ಬರು ತಿವಿಯುತ್ತಿದ್ದರು. ಅತ್ತ ದರಿ, ಇತ್ತ ಪುಲಿ.

ಆದದ್ದಿಷ್ಟು. ಮದುವೆಯಾಗಿ ಗಂಡನ ಜೊತೆ ಈ ಇಳಿಜಾರು ಬೀದಿಯಲ್ಲಿ ಅಂಗಡಿ ಇಟ್ಟಾಗ ಅವಳಿನ್ನೂ ಚಿಕ್ಕವಳು. ಆಗ ಇದ್ದಿಲ ಇಸ್ತ್ರಿಪೆಟ್ಟಿಗೆ. ಬೆಳಕು ಹರಿಯುತ್ತಿದ್ದಂತೆ ಬೂದಿ ಕೊಡವಿ, ಕೆಂಡ ತುಂಬಿ, ಮುಚ್ಚಳ ಹಾಕುವುದೆಂದರೆ ಸದ್ದಾಗದೆ ಇರುವುದಿಲ್ಲ. ಎದುರು ಮನೆಯ ಮಹಡಿಯಲ್ಲಿ ಸಾಹಿತಿಗಳು ಬರೆಯಲು ಕೂರುವುದೂ ಅದೇ ಹೊತ್ತಿಗೆ. ಒಂದು ಬೆಳಿಗ್ಗೆ ಅವರು ಕಿಟಕಿಯಿಂದ ತಲೆ ಹೊರಹಾಕಿ, "ರೀ, ಆ ಗಲಾಟೆ ನಿಲ್ಲಿಸ್ತೀರಾ? ಇಲ್ಲಿ ಮನುಷ್ಯರು ಕೆಲಸ ಮಾಡ್ತಿದಾರೆ" ಎಂದರು. ಅವಳ ಮಗ ಆಗ ಜ್ವರ ಬಂದು ಮೇಜಿನಡಿ ಚಾಪೆಯ ಮೇಲೆ ಮಲಗಿದ್ದ. ರಾತ್ರಿಯಿಡೀ ಅವಳು ಕಣ್ಣಿಗೆ ಕಣ್ಣು ಹತ್ತಿಸಿರಲಿಲ್ಲ. ಇಸ್ತ್ರಿಪೆಟ್ಟಿಗೆ ಹಿಡಿದ ಕೈಯಲ್ಲೇ ಬೀದಿಗೆ ಬಂದು, "ನಾವೇನು ಕತ್ತೆಗಳಾ ಹಾಗಾದ್ರೆ? ನಿಮ್ಮ ಕಿಟಕಿ ನೀವು ಮುಚ್ಕೊಳ್ಳಿ, ನಮ್ಮ ಹೊಟ್ಟೆ ಮುಚ್ಕೊಳ್ಳೋಕಾಗಲ್ಲ!" ಎಂದು ಕೂಗಿದಳು. ಗಂಡ ಕುಂಟುತ್ತ ಹಿಂದೆಯೇ ಬಂದು, "ಬಿಡೇ, ದೊಡ್ಡವರು" ಎಂದು ಅವಳ ತೋಳು ಎಳೆದ. ಕಿಟಕಿ ಮುಚ್ಚಿಕೊಂಡಿತು. ಜಗಳ ಅಷ್ಟೇ.

ಕಡ್ಡಿ ಗುಡ್ಡವಾದದ್ದು ಆಮೇಲೆ. ಸಾಹಿತಿಗಳು ದೊಡ್ಡ ದೈವಭಕ್ತರು, ಭಾನುವಾರದ ಚರ್ಚಿನ ಪೂಜೆ ತಪ್ಪಿಸಿದವರಲ್ಲ. ಧರ್ಮಸಭೆ ಮಕ್ಕಳಿಗೆ ಬಾಯಿಪಾಠ ಮಾಡಿಸುವ ಏಳು ಪ್ರಧಾನ ಪಾಪಗಳನ್ನೇ ಹಿಡಿದು ಅವರೊಂದು ಕಾದಂಬರಿ ಬರೆದರು. ಒಂದು ಬೀದಿ, ಏಳು ಮನೆ; ಗರ್ವ, ಲೋಭ, ಕಾಮ, ಅಸೂಯೆ, ಹೊಟ್ಟೆಬಾಕತನ, ಕೋಪ, ಸೋಮಾರಿತನ, ಮನೆಗೊಂದು. ಕೋಪದ ಮನೆ ಇಸ್ತ್ರಿ ಅಂಗಡಿ. ಅಲ್ಲಿನ ಹೆಂಗಸು ಕೆಂಡಕ್ಕ. ಸಿಟ್ಟಿನ ಭರದಲ್ಲಿ ಕಾದ ಇಸ್ತ್ರಿಪೆಟ್ಟಿಗೆಯನ್ನು ಗಂಡನ ಕಾಲಿಗೆ ಎಸೆದು ಅವನನ್ನು ಕುಂಟನನ್ನಾಗಿ ಮಾಡುತ್ತಾಳೆ. ಕಡೆಯ ಅಧ್ಯಾಯದಲ್ಲಿ ಪಶ್ಚಾತ್ತಾಪಪಟ್ಟು ಅದೇ ಕಾಲನ್ನು ಕಣ್ಣೀರಿನಲ್ಲಿ ತೊಳೆಯುತ್ತಾಳೆ. ಓದಿದವರೆಲ್ಲ ಅಲ್ಲಿ ಅತ್ತರು. ಪುಸ್ತಕ ಪ್ರಶಸ್ತಿ ಗೆದ್ದಿತು, ಹೊರದೇಶದ ಭಾಷೆಗಳಿಗೆ ಹೋಯಿತು, ಶಾಲೆಗೆ ಪಠ್ಯವಾಯಿತು.

ಗಂಡನ ಕಾಲು ಎಳವೆಯಲ್ಲಿ ಬಂದ ಜ್ವರದಿಂದ ಸೊರಗಿದ್ದೆಂದು ಬೀದಿಗೆಲ್ಲ ಗೊತ್ತಿತ್ತು. ಆದರೆ ಗೊತ್ತಿದ್ದವರು ಒಬ್ಬೊಬ್ಬರಾಗಿ ಮನೆ ಬದಲಾಯಿಸಿದರು, ಇಲ್ಲವೇ ಸತ್ತರು. ಓದಿದವರು ಮಾತ್ರ ಹೆಚ್ಚುತ್ತಲೇ ಹೋದರು. ಅವಳೂ ಆ ಪುಸ್ತಕವನ್ನು ಓದಿದ್ದಳು, ಒಂದೇ ಸಲ. ಕಡೆಯ ಪುಟಗಳಿಗೆ ಬಂದಾಗ ಅವಳಿಗೂ ಅಳು ಬಂತು. ಅದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸಿತು.

ಮೇಷ್ಟ್ರು ಬಂದುಹೋದ ಮರುದಿನ ಆಕೆ ಪಾದ್ರಿಗಳ ಬಳಿ ಹೋದಳು. ಪಾದ್ರಿಗಳು ಮಗನ ವಯಸ್ಸಿನವರು. ಸ್ಮಾರಕ ಸಮಿತಿಗೆ ಗೌರವಾಧ್ಯಕ್ಷರೂ ಹೌದು. ಚರ್ಚಿನ ಪಕ್ಕದ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಎಳೆದು ಕೂರಿಸಿ ನೀರು ಕೊಟ್ಟರು.

"ಫಾದರ್, ಆ ಫಲಕ ಬೇಡ ಅಂತ ಒಂದು ಮಾತು ಹೇಳಿ."

"ಅಮ್ಮಾ, ಅದು ಗೌರವ ಅಲ್ವಾ?"

"ನಿಮ್ಮನೆ ಬಾಗಿಲಿಗೆ 'ಇಲ್ಲಿ ಕಳ್ಳ ಇದ್ದ' ಅಂತ ತಾಮ್ರದಲ್ಲಿ ಬರೆಸಿದ್ರೆ ಗೌರವವಾ?"

ಪಾದ್ರಿಗಳು ಮುಗುಳ್ನಗೆಯನ್ನು ಕಷ್ಟಪಟ್ಟು ತಡೆದುಕೊಂಡರು. ಅದನ್ನು ಆಕೆ ನೋಡಿದಳು. "ನೋಡಿ, ನೀವೂ ನಗ್ತೀರಿ."

"ಇಲ್ಲಮ್ಮ, ಕ್ಷಮಿಸಿ." ಅವರು ಮುಖ ಕೆಳಗೆ ಹಾಕಿದರು. "ಒಂದು ಮಾತು ಹೇಳ್ಲಾ? ನಾನು ಗುರುವಾಗಿದ್ದೇ ಆ ಪುಸ್ತಕ ಓದಿ. ಹುಡುಗನಾಗಿದ್ದಾಗ ನಂಗೂ ವಿಪರೀತ ಕೋಪ. ಕೆಂಡಕ್ಕನ ಅಧ್ಯಾಯ ಓದಿ ಇಡೀ ರಾತ್ರಿ ಅತ್ತಿದ್ದೆ. ತಾಳ್ಮೆ ಅನ್ನೋ ಗುಣ ಏನು ಅಂತ ನಂಗೆ ಕಲಿಸಿದ್ದು ಅದು. ಎಷ್ಟು ಜನರನ್ನ ತಿದ್ದಿದೆ ಆ ಪುಸ್ತಕ, ಗೊತ್ತಾ ನಿಮ್ಗೆ?"

"ಒಳ್ಳೇದೇ ಆಯ್ತು. ನನ್ನ ಮನೆಗೆ ಹಚ್ಚಿದ ಬೆಂಕೀಲಿ ಊರೆಲ್ಲ ಚಳಿ ಕಾಯಿಸ್ಕೊಳ್ತು."

ಪಾದ್ರಿಗಳು ಅವಳ ಲೋಟಕ್ಕೆ ಇನ್ನಷ್ಟು ನೀರು ಹಾಕಿದರು. ಅವರು ಒಳ್ಳೆಯವರು, ಆದರೆ ಅಡ್ಡಗೋಡೆಯ ಮೇಲೆ ದೀಪ ಇಡುವ ಒಳ್ಳೆಯತನ ಅದು. ತಾಳ್ಮೆಯ ಬಗ್ಗೆ ಮಾತಾಡಿದರು. ಪ್ರತಿ ಪಾಪಕ್ಕೂ ಎದುರಾಗಿ ಒಂದು ಸದ್ಗುಣವಿದೆ, ಗರ್ವಕ್ಕೆ ನಮ್ರತೆ, ಲೋಭಕ್ಕೆ ಔದಾರ್ಯ, ಕೋಪಕ್ಕೆ ತಾಳ್ಮೆ ಎಂದರು. ಆಕೆ ಕೇಳಿಸಿಕೊಂಡಳು. ಇದೇ ಪಾಠವನ್ನು ಮೊದಲ ಪರಮಪ್ರಸಾದಕ್ಕೆ ಮುಂಚೆ ಬಾಯಿಪಾಠ ಮಾಡಿದ್ದು ಅವಳಿಗೆ ನೆನಪಿತ್ತು. ಆ ಧರ್ಮಪಾಠದಲ್ಲಿ ನ್ಯಾಯವೂ ಒಂದು ಸದ್ಗುಣ ಎಂದಿತ್ತಲ್ಲ, ಅದು ಎಲ್ಲಿ ಹೋಯಿತು ಎಂದು ಕೇಳಬೇಕೆನಿಸಿತು. ಕೇಳಿದರೆ ಅದೂ ಕೆಂಡಕ್ಕನ ಮಾತಾಗುತ್ತದೆ ಎಂದು ಎದ್ದು ಬಂದಳು.

"ಸಮಿತೀಲಿ ಪ್ರಸ್ತಾಪ ಮಾಡ್ತೀನಿ" ಎಂದು ಪಾದ್ರಿಗಳು ಬಾಗಿಲವರೆಗೆ ಬಂದು ಹೇಳಿದರು. ಮಾಡಿದರೂ ಇರಬಹುದು. ಫಲಕದ ಅಚ್ಚು ಮಾತ್ರ ನಿಲ್ಲಲಿಲ್ಲ.

"ಅತ್ತೆ, ಬಿಟ್ಟಾಕಿ" ಎಂದಳು ಸೊಸೆ ಆ ಸಂಜೆ ಮಡಿಸಿದ ಬಟ್ಟೆಗಳನ್ನು ಗಂಟು ಕಟ್ಟುತ್ತ. "ಆ ಪುಸ್ತಕ ಓದಿದವರು ಕೆಂಡಕ್ಕನ ಅಂಗಡೀಲೇ ಇಸ್ತ್ರಿ ಆಗ್ಬೇಕು ಅಂತ ಊರಾಚೆಯಿಂದ ಬಟ್ಟೆ ತರ್ತಾರೆ. ಕೆಂಡಕ್ಕ ಅಂದ್ರೆ ಏನ್ ನಷ್ಟ? ಮಾವ ಹೇಳ್ತಿರ್ಲಿಲ್ವಾ..."

"ಮಾವನ ಸುದ್ದಿ ಎತ್ತಬೇಡ."

ಸೊಸೆ ಗಂಟನ್ನು ಬಿಗಿದು ಪಕ್ಕಕ್ಕಿಟ್ಟಳು. ಈ ಮನೆಯಲ್ಲಿ ನಿಜವಾದ ಕೆಂಡ ಬೂದಿಯಡಿ ಇದ್ದದ್ದು ಅಲ್ಲೇ.

ಅವಳ ಗಂಡ ಇಡೀ ಊರಿಗೆ ಬೇಕಾದವನು. ಕುಂಟುಕಾಲಿನಲ್ಲೇ ಸೈಕಲ್ ತುಳಿದು ಮನೆಮನೆಯ ಬಟ್ಟೆ ತರುತ್ತಿದ್ದ, ಕೊಡುತ್ತಿದ್ದ. ಮಾತು ಕಡಿಮೆ. ನಾಲ್ಕು ಜನ ಸೇರಿದ ಕಡೆ ಅವನ ಮಾತು ಯಾರೂ ಕೇಳುತ್ತಿರಲಿಲ್ಲ, ಅವನೂ ಆಡುತ್ತಿರಲಿಲ್ಲ. ಪುಸ್ತಕ ಬಂದು ಕೆಲವು ವರ್ಷಗಳಾದ ಮೇಲೆ ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪು ಅಂಗಡಿಗೆ ಬಂತು. "ಅಣ್ಣಾ, ನಿಜವಾಗ್ಲೂ ಹೊಡೆದಿದ್ರಾ ಅಕ್ಕ?" ಎಂದರು. ಅವನು ಒಂದು ಕ್ಷಣ ತಡೆದು, ಪ್ಯಾಂಟನ್ನು ಮೇಲೆ ಸರಿಸಿ, ಸೊರಗಿದ ಮೊಣಕಾಲನ್ನು ತೋರಿಸಿದ. "ಇಲ್ಲಿ, ನೋಡಿ. ಇಲ್ಲೇ ಬಿತ್ತು." ಹುಡುಗರು ಹೋ ಎಂದರು. ಅವನು ಕಣ್ಣರಳಿಸಿ ಮುಂದಿನದನ್ನೂ ಹೇಳಿದ. ಅದನ್ನು ಹೇಳುವಾಗ ಅವನ ಮುಖದಲ್ಲಿ ಬಂದ ಕಳೆಯನ್ನು ಅವಳು ಮದುವೆಯ ದಿನವೂ ಕಂಡಿರಲಿಲ್ಲ.

ಅವರು ಹೋದ ಮೇಲೆ, "ಯಾಕ್ರೀ ಹಾಗಂದ್ರಿ?" ಎಂದಳು.

"ತಮಾಷೆಗೆ ಕಣೇ. ಅವ್ರಿಗೆ ಎಷ್ಟು ಖುಷಿಯಾಯ್ತು ನೋಡಿದ್ಯಾ?"

ತಮಾಷೆ ಅಭ್ಯಾಸವಾಯಿತು. ಅಭ್ಯಾಸ ಅವನ ಕಸುಬೇ ಆಯಿತು. ಯಾರು ಬಂದರೂ ಸೈಕಲ್ ನಿಲ್ಲಿಸಿ ಕಥೆ ಹೇಳುತ್ತಿದ್ದ. ಒಂದೊಂದು ಸಲ ಒಂದೊಂದು ಹೊಸ ಮಸಾಲೆ. ಅವಳು ಒಳಗೆ ಇಸ್ತ್ರಿ ಒತ್ತುತ್ತ ಕೇಳಿಸಿಕೊಳ್ಳುತ್ತಿದ್ದಳು. ಒಂದು ಮಾತು ಆಡಿದರೆ ಅವನು ಮತ್ತೆ ಮೂಲೆ ಸೇರುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಹೀಗಾಗಿ ನುಂಗಿದಳು. ಕೋಪಿಷ್ಠೆ ಎಂದು ಲೋಕವೆಲ್ಲ ಹೆಸರಿಟ್ಟ ಹೆಂಗಸು ಸಂಸಾರದುದ್ದಕ್ಕೂ ಸಿಟ್ಟು ನುಂಗಿಕೊಂಡೇ ಬಂದಳು. ಅವನು ಎದೆನೋವಿನಲ್ಲಿ ಸತ್ತ ದಿನ ಕೊನೆಯ ಸಲ ಅವನ ಹಣೆ ಮುಟ್ಟಲು ಬಂದವರಲ್ಲಿ ಒಬ್ಬಾಕೆ, "ಪಾಪ, ಎಷ್ಟು ಸಹಿಸಿಕೊಂಡಿದ್ದ ಮನುಷ್ಯ" ಎಂದಳು. ಆಗಲೂ ಇವಳು ಸುಮ್ಮನಿದ್ದಳು.

ಸಾಹಿತಿಗಳ ಮಗಳನ್ನು ಕಂಡರೆ ಏನಾದರೂ ದಾರಿ ಸಿಕ್ಕೀತು ಎಂದು ಯಾರೋ ಹೇಳಿದರು. ಅಪ್ಪನ ಪುಸ್ತಕಗಳ ಹಕ್ಕು, ಮನೆ, ಹೆಸರು ಎಲ್ಲ ಅವರ ಕೈಯಲ್ಲಿತ್ತು. ಅರವತ್ತು ದಾಟಿದ ಅವಿವಾಹಿತೆ. ಎದುರು ಮನೆಯವರೇ ಆದರೂ ಇಬ್ಬರೂ ಇಷ್ಟು ವರ್ಷ ತಲೆಯಾಡಿಸಿದ್ದೇ ಹೆಚ್ಚು. ಆಕೆ ಮೊದಲ ಬಾರಿ ಆ ಮಹಡಿ ಹತ್ತಿದಳು. ಸಾಹಿತಿಗಳ ಕೋಣೆಯಲ್ಲಿ ಮೇಜಿಗೆ ಗಾಜು ಹಾಕಿ, ಪೆನ್ನಿಗೆ ದೀಪ ಬಿಟ್ಟು, ಕುರ್ಚಿಗೆ ಅಡ್ಡ ಹಗ್ಗ ಕಟ್ಟಿದ್ದರು. ಕಿಟಕಿಯಿಂದ ನೋಡಿದಳು. ತನ್ನ ಅಂಗಡಿ ಎಷ್ಟು ಚಿಕ್ಕದಾಗಿ ಕಾಣುತ್ತದೆ ಇಲ್ಲಿಂದ! ಅಂದು ಒಳಗೆ ಮೇಜಿನಡಿ ಮಲಗಿದ್ದ ಮಗು ಇಲ್ಲಿಗೆ ಕಾಣುವಂತೆಯೇ ಇರಲಿಲ್ಲ.

"ನಮ್ಮಪ್ಪನ ತಪ್ಪು ಅಂತ ಹೇಳೋಕೆ ಬಂದಿದೀರಾ?" ಎಂದರು ಮಗಳು. ಗಡುಸಾಗೇನೂ ಹೇಳಲಿಲ್ಲ, ಆಯಾಸದಿಂದ ಹೇಳಿದರು.

"ತಪ್ಪೋ ಒಪ್ಪೋ ನಂಗೆ ಗೊತ್ತಿಲ್ಲಮ್ಮ. ಫಲಕ ಬೇಡ. ಅಷ್ಟೇ."

"ಕೂತ್ಕೊಳ್ಳಿ." ಅವರು ಚಹಾ ತಂದರು. ತಾವೂ ಕೂತರು. "ಸೋಮಾರಿತನದ ಅಧ್ಯಾಯ ಓದಿದೀರಲ್ಲ. ಬೆಳಗಾದ್ರೂ ಹಾಸಿಗೆ ಬಿಡದ ಹೆಂಗಸು. ಮಗು ಹಸಿದು ಅಳ್ತಾ ಇದ್ರೂ ಗೋಡೆ ಕಡೆ ತಿರುಗಿ ಮಲಗೋಳು. ಅದು ಯಾರು ಗೊತ್ತಾ?"

"ಆ ಮೂಲೆ ಮನೆ ದರ್ಜಿ ಹೆಂಡ್ತಿ ಅಂತಾರೆ."

"ನಮ್ಮಮ್ಮ." ಮಗಳು ಬಟ್ಟಲನ್ನು ಕೆಳಗಿಟ್ಟರು. "ಅಮ್ಮನಿಗೆ ಕಾಯಿಲೆ. ಮನಸ್ಸಿನ ಕಾಯಿಲೆ. ಈಗಾಗಿದ್ರೆ ಡಾಕ್ಟರ್ ಹತ್ರ ಹೋಗ್ತಿದ್ವಿ. ಆಗ ಅಪ್ಪ ಅದನ್ನ ಪಾಪ ಅಂತ ಬರೆದ್ರು. ಅಮ್ಮ ಓದಿದ್ಳು. ಏನೂ ಹೇಳ್ಲಿಲ್ಲ. ಅವತ್ತಿಂದ ಬೆಳಿಗ್ಗೆ ಹೇಗೋ ಎದ್ದು, ಗೋಡೆ ಹಿಡ್ಕೊಂಡು ನಿಂತಿರ್ತಿದ್ಳು, ಎದ್ದಿದೀನಿ ಅಂತ ತೋರ್ಸೋಕೆ."

ಕೆಳಗಿನ ಬೀದಿಯಲ್ಲಿ ಯಾವುದೋ ಗಾಡಿ ಹೋಯಿತು.

"ಏಳು ಮನೆ ಬೀದೀಲಿ ಎಂಟನೇ ಮನೆ ನಮ್ದು. ಅದನ್ನ ಮಾತ್ರ ಅಪ್ಪ ಬರೀಲಿಲ್ಲ" ಎಂದು ಮಗಳು ಒಣನಗೆ ನಕ್ಕರು. "ಗರ್ವದ ಪಾತ್ರ ನಿಜವಾಗಿ ಯಾರದು ಅಂತ ಓದುಗರು ಇವತ್ತಿಗೂ ಹುಡುಕ್ತಾರೆ. ನಮ್ಮನೇಲಿ ಎಲ್ರಿಗೂ ಗೊತ್ತಿತ್ತು."

"ಹಾಗಾದ್ರೆ ನೀವೇ ಬೇಡ ಅನ್ನಿ."

"ಅಂದೆ. ಸಮಿತಿಯವ್ರು, 'ನಿಮ್ಮ ತಂದೆ ಈಗ ನಿಮ್ಮೊಬ್ಬರ ಸ್ವತ್ತಲ್ಲ, ನಾಡಿನ ಸ್ವತ್ತು' ಅಂದ್ರು. ಮೇಲಾಗಿ..." ಅವರು ಗಾಜಿನಡಿಯ ಪೆನ್ನನ್ನೇ ನೋಡುತ್ತ ಕೂತರು. "ಮೇಲಾಗಿ ಅದು ನಿಜವಾಗ್ಲೂ ಒಳ್ಳೇ ಪುಸ್ತಕ. ಅದೇ ತೊಂದ್ರೆ. ಕೆಟ್ಟ ಪುಸ್ತಕ ಆಗಿದ್ರೆ ಯಾವತ್ತೋ ಮರೆತು ಹೋಗ್ತಿತ್ತು."

ಬೆಟ್ಟ ಅಗೆದು ಇಲಿಯೂ ಸಿಗಲಿಲ್ಲ. ಆದರೆ ಮೆಟ್ಟಿಲು ಇಳಿಯುವಾಗ ಆಕೆಗೆ ಯಾಕೋ ತನ್ನ ಭಾರಕ್ಕೆ ಇನ್ನೊಂದು ಹೆಗಲು ಸಿಕ್ಕಿದ ಹಾಗಿತ್ತು. ಹೆಗಲು ಕೊಟ್ಟರೂ ಭಾರ ಇಳಿಸಲಾಗದ ಹೆಗಲು.

ಸಮಾರಂಭ ಚರ್ಚಿನ ಸಭಾಂಗಣದಲ್ಲಿ ನಡೆಯಿತು. ಹೋಗುವುದೋ ಬೇಡವೋ ಎಂದು ಆಕೆ ಬಹಳ ತೂಗಿ ನೋಡಿದಳು. ಹೋಗದಿದ್ದರೆ "ಸಿಟ್ಟು ಮಾಡ್ಕೊಂಡು ಬರ್ಲಿಲ್ಲ" ಎನ್ನುತ್ತಾರೆ. ಹೋಗಿ, ಎಲ್ಲರೆದುರು ತಣ್ಣಗೆ ನಾಲ್ಕು ಮಾತು ಹೇಳಿಬಿಟ್ಟರೆ? ಜೀವಮಾನದಲ್ಲಿ ಒಂದು ಸಲ, ದನಿ ಏರಿಸದೆ. ಕನ್ನಡಿಯ ಮುಂದೆ ನಿಂತು ಹೇಳಿ ನೋಡಿಕೊಂಡಳು. ಸೊಸೆ ಕದ್ದು ಕೇಳಿಸಿಕೊಂಡು, "ಚೆನ್ನಾಗಿದೆ ಅತ್ತೆ, ಆ ಹುಬ್ಬು ಒಂದು ಇಳಿಸಿ" ಎಂದಳು.

ವೇದಿಕೆಯ ಮೇಲೆ ಏಳು ಕುರ್ಚಿಗಳಿದ್ದವು. ಆರರ ಮೇಲೆ ಹೂವಿನ ತಟ್ಟೆ ಮಾತ್ರ. ಆ ಮನೆಯವರೆಲ್ಲ ಹೋಗಿಯಾಗಿತ್ತು. ಏಳು ಪಾಪಗಳಲ್ಲಿ ಬದುಕಿ ಉಳಿದದ್ದು ಅವಳೊಬ್ಬಳೇ. ಕೂರಿಸಿದರು. ಬಿಳಿ ಅಂಗಿ ತೊಟ್ಟ ಏಳು ಹೆಣ್ಣುಮಕ್ಕಳು ಎದೆಗೆ ಅಡ್ಡಪಟ್ಟಿ ಧರಿಸಿ ಸದ್ಗುಣಗಳಾಗಿ ಬಂದರು. 'ತಾಳ್ಮೆ' ಎಂಬ ಪಟ್ಟಿಯ ಹುಡುಗಿ ಹೂವು ಹಿಡಿದು ಅವಳ ಮುಂದೆ ನಿಂತಳು. ಪಟ್ಟಿಗೆ ಹಾಕಿದ ಪಿನ್ನು ಮಗುವಿನ ಕುತ್ತಿಗೆಗೆ ಚುಚ್ಚುತ್ತಿತ್ತು. ಕಣ್ಣಲ್ಲಿ ನೀರು. ತಾಳ್ಮೆ ಕಾಲು ಕುಣಿಸುತ್ತಿದ್ದಳು. ಆಕೆ ಮಗುವನ್ನು ಹತ್ತಿರ ಎಳೆದು ಪಿನ್ನು ತೆಗೆದು ಸರಿಯಾಗಿ ಹಾಕಿದಳು. ಅಂಗಿಯ ಇಸ್ತ್ರಿಯೂ ನೆಟ್ಟಗಿರಲಿಲ್ಲ. ಎರಡು ಗೆರೆ ಬಿದ್ದಿತ್ತು.

ಮೇಷ್ಟ್ರು ಮೈಕು ಕೊಟ್ಟರು. ಆಕೆ ಎದ್ದು ನಿಂತಳು. ಹುಬ್ಬು ಇಳಿಸಿಕೊಂಡಳು.

"ಎಲ್ರಿಗೂ ನಮಸ್ಕಾರ. ನಾನು ಕೆಂಡಕ್ಕ ಅಲ್ಲ. ನಮ್ಮ ಯಜಮಾನ್ರ ಕಾಲು ಚಿಕ್ಕಂದಿನಲ್ಲಿ ಜ್ವರ ಬಂದು ಹಾಗಾಗಿದ್ದು. ನಾನು ಅವ್ರಿಗೆ ಯಾವತ್ತೂ ಕೈ ಎತ್ತಿಲ್ಲ. ಸಾಹಿತಿಗಳು ದೊಡ್ಡವರು, ಅವ್ರಿಗೆ ಬೇಕಾದ ಹಾಗೆ ಬರೆದ್ರು. ಬರೀಲಿ. ನಮ್ಮನೆ ಗೋಡೆಗೆ ಬೇಡ ಅಂತ ಕೇಳ್ಕೋತೀನಿ."

ಸಭೆ ಒಂದು ಗಳಿಗೆ ನಿಶ್ಶಬ್ದವಾಯಿತು. ಆ ಒಂದು ಗಳಿಗೆ ಅವಳ ಎದೆ ಹಗುರಾಯಿತು. ಅಷ್ಟರಲ್ಲಿ ಮೇಷ್ಟ್ರು ಇನ್ನೊಂದು ಮೈಕು ಹಿಡಿದು, "ಅದ್ಭುತ! ಪಾತ್ರವೇ ಎದ್ದು ನಿಂತು ತನ್ನ ಲೇಖಕನನ್ನು ಪ್ರಶ್ನಿಸುತ್ತಿದೆ! ಮಹಾ ಸಾಹಿತ್ಯದ ಲಕ್ಷಣ ಇದಲ್ಲದೆ ಇನ್ನೇನು?" ಎಂದರು. ಚಪ್ಪಾಳೆ ಬಿತ್ತು. ಮುಂದಿನ ಸಾಲಿನವರು ಎದ್ದು ನಿಂತು ತಟ್ಟಿದರು. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು. ಅವಳು ಮೈಕನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತಳು.

"ಈಗೊಂದು ವಿಶೇಷ" ಎಂದರು ಮೇಷ್ಟ್ರು. ದೀಪ ಆರಿತು. ಹಿಂದಿನ ಬಿಳಿ ಪರದೆಯ ಮೇಲೆ ಅವಳ ಗಂಡ ಬಂದ.

ಯಾವ ಕಾಲದಲ್ಲೋ ಯಾರೋ ಚಿತ್ರೀಕರಿಸಿಕೊಂಡು ಹೋದದ್ದು. ಅವಳು ನೋಡಿರಲೇ ಇಲ್ಲ. ಸೈಕಲ್ಲಿಗೆ ಒರಗಿ ನಿಂತಿದ್ದಾನೆ. ನೀಲಿ ಗೆರೆಯ ಅಂಗಿ; ಅದರ ತೋಳಿನ ಮಡಿಕೆ ಅವಳು ಒತ್ತಿದ್ದೇ, ಬೇರೆ ಯಾರೂ ಹಾಗೆ ಒತ್ತುವುದಿಲ್ಲ. ಗೋಡೆಯಷ್ಟೆತ್ತರ ಮುಖ, ಒಂದು ಹಲ್ಲು ಇಲ್ಲದ ನಗು. ಸತ್ತವನು ಪ್ಯಾಂಟು ಮೇಲೆ ಸರಿಸಿದ.

"ಇಲ್ಲಿ, ನೋಡಿ. ಇಲ್ಲೇ ಬಿತ್ತು. ಅವಳಿಗೆ ಸಿಟ್ಟು ಬಂದ್ರೆ ದೇವರೇ ಗತಿ. ಆದ್ರೂ ನಾನು ಒಂದು ಮಾತೂ ಅಂದಿಲ್ಲ ಸಾರ್. ಸಹಿಸ್ಕೊಂಡೆ..."

ಅವಳ ಕಾಲು ತಾನಾಗಿ ಪರದೆಯ ಕಡೆ ನಡೆಯಿತು.

"ಸಾಕು ನಿಲ್ಲಿಸ್ರೀ!" ಎಂದು ಕೂಗಿದಳು. ಮೈಕು ಕೈಯಲ್ಲಿದ್ದದ್ದರಿಂದ ಸಭಾಂಗಣ ಅದುರಿತು. "ಯಾರು ಸಹಿಸ್ಕೊಂಡಿದ್ದು? ಹೇಳಿ, ಯಾರು? ನಿಮ್ಮ ಮುಖದಲ್ಲಿ ನಗು ಕಾಣತ್ತೆ ಅಂತ ನಾನು ಬಾಯಿಗೆ ಬೀಗ ಹಾಕ್ಕೊಂಡು ಕೂತೆ! ಒಂದು ಸಲ, ಒಂದೇ ಒಂದು ಸಲ, ಸುಳ್ಳು ಕಣ್ರೋ, ತಮಾಷೆಗೆ ಅಂದೆ ಅಂತ ಹೇಳೋಕೆ ನಿಮ್ಗೆ ಏನಾಗಿತ್ತು?"

ಪರದೆಯ ಮೇಲಿನವನು ನಗುತ್ತಲೇ ಇದ್ದ. ಆಮೇಲೆ ಚಪ್ಪಾಳೆ ಬಿತ್ತು, ಮೊದಲಿಗಿಂತ ಜೋರಾಗಿ. ಇದೂ ಕಾರ್ಯಕ್ರಮದ ಭಾಗವೆಂದು ಜನ ತಿಳಿದಿದ್ದರು. ಯಾರೋ ಶಿಳ್ಳೆ ಹಾಕಿದರು. ಚಪ್ಪಾಳೆ ತಟ್ಟದವರು ಇಬ್ಬರೇ. ಮೊದಲ ಸಾಲಿನ ತುದಿಯಲ್ಲಿ ಸಾಹಿತಿಗಳ ಮಗಳು ಎದ್ದು ನಿಂತಿದ್ದರು. ಪಾದ್ರಿಗಳು ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡು ನೆಲ ನೋಡುತ್ತಿದ್ದರು. ಸೊಸೆ ವೇದಿಕೆಗೆ ಹತ್ತಿ ಬಂದು, ಅತ್ತೆಯ ಕೈಯಿಂದ ಮೈಕು ಬಿಡಿಸಿ, ಮೇಷ್ಟ್ರ ಕೈಗೆ ತುರುಕಿ, ಕರೆದುಕೊಂಡು ಹೋದಳು.

ಆ ಶನಿವಾರ ಆಕೆ ಪಾಪನಿವೇದನೆಗೆ ಹೋದಳು. ಜಾಲರಿಯ ಆಚೆ ಪಾದ್ರಿಗಳ ಉಸಿರು ಕೇಳುತ್ತಿತ್ತು.

"ಕೋಪ ಮಾಡ್ಕೊಂಡೆ, ಸ್ವಾಮಿ. ಈ ಸಲದ್ದು ನಂದೇ. ಪುಸ್ತಕದ್ದಲ್ಲ."

"ಯಾರ ಮೇಲೆ?"

"ಸಾಹಿತಿ ಮೇಲೆ ಅಂದ್ಕೊಂಡಿದ್ದೆ ಇಷ್ಟು ದಿನ. ಅವರು ಯಾರೋ ಹೊರಗಿನವರು, ಕಿಟಕೀಲಿ ಕಂಡಷ್ಟು ಬರೆದ್ರು. ಮೇಜಿನ ಈ ಕಡೆ ನಾನು, ಆ ಕಡೆ ನಮ್ಮ ಯಜಮಾನ್ರು, ಜೀವಮಾನ ಇಡೀ ನಿಂತಿದ್ವಿ. ಇವ್ರಿಗೆ ಎಲ್ಲಾ ಗೊತ್ತಿತ್ತು. ಕ್ಷಮಿಸೋಕೆ ಆಗ್ತಿಲ್ಲ. ಸತ್ತವರ ಜೊತೆ ಜಗಳ ಆಡೋದಾದ್ರೂ ಹೇಗೆ?"

ತಾಳ್ಮೆಯ ಪಾಠ ಬರುತ್ತದೆ ಎಂದು ಆಕೆ ಕಾದಳು. ಅದು ಬರಲಿಲ್ಲ.

"ಅಮ್ಮಾ, ಕೋಪ ಬರೋದೇ ಪಾಪ ಅಲ್ಲ. ಅನ್ಯಾಯಕ್ಕೆ ಕೋಪ ಬರದೆ ಇದ್ರೆ ಅದೂ ಒಂದು ಕೊರತೆ ಅಂತ ಹಿರಿಯರು ಹೇಳಿದಾರೆ. ಅದು ದ್ವೇಷ ಆಗಿ ಹೆಪ್ಪುಗಟ್ಟಿದಾಗ ಪಾಪ. ನಾನು ಇದನ್ನ ಅವತ್ತೇ ನಿಮ್ಗೆ ಹೇಳ್ಬೇಕಿತ್ತು." ಅವರು ಜಾಲರಿಯ ಹತ್ತಿರಕ್ಕೆ ಬಾಗಿದರು. "ಸತ್ತವರಿಗಾಗಿ ಪ್ರಾರ್ಥನೆ ಮಾಡ್ತೀವಿ. ನಮಗೂ ಅವ್ರಿಗೂ ಸಂಬಂಧ ಕಡಿದು ಹೋಗಿಲ್ಲ ಅಂತ ನಂಬ್ತೀವಿ. ಹಾಗಾದ್ರೆ ಜಗಳಾನೂ ಕೇಳಿಸ್ಕೊಳ್ಳಬಹುದು. ನಿಮ್ಮ ಪ್ರಾಯಶ್ಚಿತ್ತ ಅದೇ. ಹೋಗಿ ಅವ್ರ ಹತ್ರ ಹೇಳಿ ಬನ್ನಿ. ಪೂರ್ತಿ ಹೇಳಿ."

ಫಲಕದ ವಿಷಯ ಹೀಗಾಯಿತು. ಪಾದ್ರಿಗಳೂ ಸಾಹಿತಿಗಳ ಮಗಳೂ ಸೇರಿ ಸಮಿತಿಯಲ್ಲಿ ಪಟ್ಟು ಹಿಡಿದರು. ಮೇಷ್ಟ್ರು ತಾಮ್ರ ಹಾಳಾಗುತ್ತದೆ ಎಂದು ಗೋಗರೆದರು. ಕಡೆಗೆ ಒಂದು ಪದ ಸೇರಿಸುವುದೆಂದು ರಾಜಿಯಾಯಿತು. ಈಗ ಗೋಡೆಯ ಮೇಲೆ 'ಇಲ್ಲಿ ಕಾಲ್ಪನಿಕ ಪಾತ್ರವಾದ ಕೆಂಡಕ್ಕ ವಾಸಿಸಿದ್ದಳು' ಎಂದಿದೆ. ಆಕೆ ಸೊಂಟಕ್ಕೆ ಕೈ ಕೊಟ್ಟು ನಿಂತು ಎರಡು ಸಲ ಓದಿದಳು.

"ಕಾಲ್ಪನಿಕದವಳು ಇಲ್ಲಿ ವಾಸ ಇದ್ದಿದ್ರೆ, ನಾನೆಲ್ಲಿದ್ದೆ?" ಎಂದಳು ಸೊಸೆಗೆ.

"ಇಸ್ತ್ರಿ ಒತ್ತೋಕೆ ಒಬ್ಬರು ಬೇಕಲ್ಲ ಅತ್ತೆ, ಅದಕ್ಕೆ ಇಟ್ಕೊಂಡಿದ್ಳೇನೋ."

ಆಕೆ ನಗಬಾರದೆಂದುಕೊಂಡೇ ನಕ್ಕಳು. ನಗು ನಿಂತ ಮೇಲೂ ಸಿಟ್ಟು ಹಾಗೆಯೇ ಇತ್ತು. ಮೊದಲಿನಂತೆ ಜನ ಬಂದರು, ಫಲಕದ ಜೊತೆ ನಿಂತು ಫೋಟೋ ತೆಗೆಸಿಕೊಂಡರು. ಸೇರಿಸಿದ ಪದವನ್ನು ಯಾರೂ ಓದಲಿಲ್ಲ. ಸಾಹಿತಿಗಳ ಮಗಳು ಮಾತ್ರ ಆಗಾಗ ಒಂದೆರಡು ಬಟ್ಟೆಯ ನೆಪ ಮಾಡಿಕೊಂಡು ಬೀದಿ ದಾಟಿ ಬರತೊಡಗಿದರು. ಮೇಜಿನ ಪಕ್ಕದ ಮಣೆಯ ಮೇಲೆ ಕೂತು ತಮ್ಮಮ್ಮನ ಕಥೆ ಹೇಳುತ್ತಿದ್ದರು. ಬರೆದುಕೊಳ್ಳುವವರು ಯಾರೂ ಇಲ್ಲದ ಕಡೆ ಹೇಳುವುದು ಸುಲಭ ಎಂದರು ಒಮ್ಮೆ.

ಸ್ಮಶಾನಕ್ಕೆ ಆಕೆ ಹೋದದ್ದು ಒಂದು ಮಧ್ಯಾಹ್ನ, ಅಂಗಡಿಗೆ ಅರ್ಧ ಬಾಗಿಲು ಹಾಕಿ. ಸಮಾಧಿಯ ಸುತ್ತ ಕಳೆ ಬೆಳೆದಿತ್ತು. ಕುಕ್ಕರಗಾಲಲ್ಲಿ ಕೂತು ಕೀಳತೊಡಗಿದಳು. ಮೊದಲು ಮೆಲ್ಲಗೆ ಶುರುಮಾಡಿದಳು. ಆಮೇಲೆ ದನಿ ತಾನಾಗಿ ಏರಿತು.

"ದೊಡ್ಡ ಸಹನಶೀಲ ಆಗ್ಬಿಟ್ರಿ ಅಲ್ವಾ? ಊರಿಗೆಲ್ಲ ಸಂತ! ಬಿಸಿನೀರು ಕಾಯಿಸಿ ಆ ಕಾಲು ದಿನಾ ತಿಕ್ಕಿದ್ದು ಯಾರು? ಅದನ್ನ ಹೇಳಿದ್ರಾ ಆ ಹುಡುಗರಿಗೆ? ಅದು ಕಥೆ ಆಗಲ್ಲ, ಅಲ್ವಾ?" ಒಂದು ಹಿಡಿ ಹುಲ್ಲನ್ನು ಬೇರುಸಮೇತ ಕಿತ್ತು ಆಚೆ ಎಸೆದಳು. "ನಿಮ್ಗೆ ಮಾತಾಡೋಕೆ ಬೇಕಿತ್ತು, ನನಗರ್ಥ ಆಗಿತ್ತು. ಅದಕ್ಕೆ ಸುಮ್ನಿದ್ದೆ. ಆದ್ರೆ ನಾನು ಸುಮ್ನಿದ್ದೀನಿ ಅಂತ ನಿಮ್ಗಾದ್ರೂ ಅರ್ಥ ಆಗ್ಬೇಕಿತ್ತಲ್ರೀ!"

ಪಕ್ಕದ ಸಾಲಿನಲ್ಲಿ ಗುಂಡಿ ತೋಡುತ್ತಿದ್ದ ಆಳು ತಲೆಯೆತ್ತಿ ನೋಡಿ, ಗುದ್ದಲಿ ಹೆಗಲಿಗೇರಿಸಿಕೊಂಡು ಮೆಲ್ಲಗೆ ಆಚೆ ಕಡೆಗೆ ಸರಿದ. ಅವಳು ಗಮನಿಸಲಿಲ್ಲ. ಹೇಳುತ್ತಾ ಹೋದಳು, ಜ್ವರದ ಮಗುವಿನ ವಿಷಯ, ಹಣೆ ಮುಟ್ಟಲು ಬಂದ ಹೆಂಗಸಿನ ವಿಷಯ, ಕಲ್ಲಿಗೂ ಕಿವಿ ಬರುವ ಹಾಗೆ. ಗಂಟಲು ಬತ್ತಿ ನಿಂತಾಗ ಬಿಸಿಲು ಆಚೆ ಗೋಡೆಗೆ ಹೋಗಿತ್ತು. ಕ್ಷಮೆ ಬಂದಿರಲಿಲ್ಲ. ಬಂತೆಂದು ಅವಳು ನಟಿಸಲೂ ಇಲ್ಲ.

ಸೆರಗಿನಿಂದ ಕಲ್ಲಿನ ಮಣ್ಣು ಒರೆಸಿ, ಮೊಣಕಾಲು ಹಿಡಿದು ಎದ್ದಳು.

"ಆಸ್ಪತ್ರೆ ಕೋಟು ಬಾಕಿ ಇದೆ, ಹೊರಟೆ" ಎಂದಳು. "ಎಲ್ಲಾ ಮುಗೀತು ಅಂತ ಆರಾಮಾಗಿ ಮಲಗಬೇಡಿ. ಮುಂದಿನ ವಾರ ಬರ್ತೀನಿ."

ಗೇಟಿನ ಹತ್ತಿರ ಹೋದವಳು, ಕೈಗೆ ಮೆತ್ತಿದ್ದ ಮಣ್ಣನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದುಕೊಂಡು, ಬೀದಿಗೆ ಇಳಿದಳು.